ಅಶೋಕ

ಅಶೋಕನು (ಆಳ್ವಿಕೆ ಸು. ಕ್ರಿ.ಪೂ. 268–232) ಮೌರ್ಯ ವಂಶದ ಮೂರನೆಯ ಚಕ್ರವರ್ತಿ. ಇವನು ಚಂದ್ರಗುಪ್ತ ಮೌರ್ಯನ ಮೊಮ್ಮಗ, ಬಿಂದುಸಾರನ ಮಗ. ಮಗಧದ ಪಾಟಲಿಪುತ್ರ (ಇಂದಿನ ಪಾಟ್ನಾ) ಇವನ ರಾಜಧಾನಿಯಾಗಿತ್ತು. ಇವನ ಸಾಮ್ರಾಜ್ಯವು ವಾಯವ್ಯದಲ್ಲಿ ಇಂದಿನ ಅಫ್ಘಾನಿಸ್ತಾನದಿಂದ ಪೂರ್ವದಲ್ಲಿ ಕಳಿಂಗದವರೆಗೆ, ಉತ್ತರದಲ್ಲಿ ಹಿಮಾಲಯದ ತಪ್ಪಲಿನಿಂದ ದಕ್ಷಿಣದಲ್ಲಿ ಇಂದಿನ ಚಿತ್ರದುರ್ಗ ಜಿಲ್ಲೆಯವರೆಗೆ ಹರಡಿತ್ತು. ಕಳಿಂಗ ಯುದ್ಧದ ಸಾವುನೋವುಗಳಿಗಾಗಿ ಪಶ್ಚಾತ್ತಾಪಪಟ್ಟು, ಆ ಪಶ್ಚಾತ್ತಾಪವನ್ನು ಸ್ವತಃ ಕಲ್ಲಿನ ಮೇಲೆ ಬರೆಸಿದ ಅರಸನೆಂದು ಇವನು ಪ್ರಸಿದ್ಧನಾಗಿದ್ದಾನೆ. ಗಂಗಾ ಬಯಲಿನಲ್ಲಿ ಹುಟ್ಟಿ ಬೆಳೆದ ಬೌದ್ಧ ಧರ್ಮವು ಉಪಖಂಡದ ಉದ್ದಗಲಕ್ಕೂ ಅದರಾಚೆಗೂ ಹರಡಿದ ಇತಿಹಾಸದಲ್ಲಿ ಅಶೋಕನ ಆಳ್ವಿಕೆ ಒಂದು ಮುಖ್ಯ ಘಟ್ಟ.

ಆಧಾರಗಳು

ಅಶೋಕನ ಜೀವನವನ್ನು ತಿಳಿಯಲು ಎರಡು ಬಗೆಯ ಆಧಾರಗಳಿವೆ. ಮೊದಲನೆಯದು ಅವನ ಶಾಸನಗಳು. ಇವುಗಳನ್ನು ಬೃಹತ್ ಶಿಲಾಶಾಸನಗಳು, ಕಿರು ಶಿಲಾಶಾಸನಗಳು, ಸ್ತಂಭಶಾಸನಗಳು ಮತ್ತು ಗುಹಾಶಾಸನಗಳು ಎಂದು ವಿಂಗಡಿಸಲಾಗಿದೆ. ಹೆಚ್ಚಿನವು ಪ್ರಾಕೃತ ಭಾಷೆಯಲ್ಲಿ, ಬ್ರಾಹ್ಮಿ ಲಿಪಿಯಲ್ಲಿವೆ. ವಾಯವ್ಯದ ಶಾಬಾಜ್‌ಗಢಿ ಮತ್ತು ಮಾನ್ಸೆಹ್ರಾಗಳಲ್ಲಿ ಖರೋಷ್ಠಿ ಲಿಪಿಯನ್ನೂ ಕಂದಹಾರದಲ್ಲಿ ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳನ್ನೂ ಬಳಸಲಾಗಿದೆ. ಎರಡನೆಯದು ಬೌದ್ಧ ಸಾಹಿತ್ಯ. ಶ್ರೀಲಂಕಾದಲ್ಲಿ ಪಾಲಿ ಭಾಷೆಯಲ್ಲಿ ರಚಿತವಾದ ದೀಪವಂಸ ಮತ್ತು ಮಹಾವಂಸಗಳು ಹಾಗೂ ಉತ್ತರ ಭಾರತದ ಸಂಸ್ಕೃತ ಕೃತಿಯಾದ ಅಶೋಕಾವದಾನ ಇವುಗಳಲ್ಲಿ ಪ್ರಮುಖವಾದವು.

ಈ ಗ್ರಂಥಗಳು ಅಶೋಕನ ಕಾಲಕ್ಕೆ ಹಲವು ಶತಮಾನಗಳ ನಂತರ ಈಗಿನ ರೂಪಕ್ಕೆ ಬಂದವು. ಅರಸನನ್ನು ಆದರ್ಶ ಬೌದ್ಧ ದೊರೆಯಾಗಿ ಚಿತ್ರಿಸುವುದು ಅವುಗಳ ಉದ್ದೇಶವಾಗಿತ್ತು. ಶಾಸನಗಳು ಸಮಕಾಲೀನವಾದರೂ ಅವು ಅರಸನೇ ತನ್ನ ಬಗ್ಗೆ ಹೇಳಿಸಿದ ಮಾತುಗಳು. ಆದ್ದರಿಂದ ಇತಿಹಾಸಕಾರರು ಎರಡನ್ನೂ ಹೋಲಿಸಿ ನೋಡುತ್ತಾರೆ; ಅವು ಪರಸ್ಪರ ವಿರೋಧಿಸುವಲ್ಲಿ ಸಾಮಾನ್ಯವಾಗಿ ಶಾಸನಗಳಿಗೆ ಹೆಚ್ಚಿನ ಬೆಲೆ ಕೊಡುತ್ತಾರೆ.

ಹಿನ್ನೆಲೆ: ಅಶೋಕನಿಗೆ ಮೊದಲಿನ ಬೌದ್ಧ ಧರ್ಮ

ಗೌತಮ ಬುದ್ಧನು ಲುಂಬಿನಿಯಲ್ಲಿ ಜನಿಸಿ, ಬೋಧಗಯೆಯಲ್ಲಿ ಜ್ಞಾನೋದಯ ಪಡೆದು, ಸಾರನಾಥದಲ್ಲಿ ಮೊದಲ ಉಪದೇಶ ನೀಡಿ, ಕುಶಿನಗರದಲ್ಲಿ ಪರಿನಿರ್ವಾಣ ಹೊಂದಿದನು. ಈ ನಾಲ್ಕೂ ಸ್ಥಳಗಳು ಗಂಗಾ ಬಯಲು ಮತ್ತು ಅದಕ್ಕೆ ತಾಗಿದ ಹಿಮಾಲಯದ ತೆರಾಯಿ ಪ್ರದೇಶಕ್ಕೆ ಸೇರಿವೆ. ಬುದ್ಧನು ಬದುಕಿನುದ್ದಕ್ಕೂ ಸಂಚರಿಸಿದ್ದು ಮಗಧ, ಕೋಸಲ, ವಜ್ಜಿ ಮೊದಲಾದ ಈ ಭಾಗದ ನಾಡುಗಳಲ್ಲೇ. ಮಗಧದ ಬಿಂಬಿಸಾರ ಮತ್ತು ಕೋಸಲದ ಪ್ರಸೇನಜಿತ್ ಅವನಿಗೆ ಆಶ್ರಯ ನೀಡಿದ ಅರಸರು. ಶ್ರಾವಸ್ತಿಯ ಅನಾಥಪಿಂಡಿಕನಂತಹ ಶ್ರೀಮಂತ ವರ್ತಕರು ಭಿಕ್ಷುಗಳಿಗಾಗಿ ವಿಹಾರಗಳನ್ನು ಕಟ್ಟಿಸಿಕೊಟ್ಟರು.

ಬುದ್ಧನ ನಂತರ ರಾಜಗೃಹದಲ್ಲಿ ಮೊದಲ ಸಂಗೀತಿಯೂ (ಮಹಾಸಭೆ) ಸುಮಾರು ಒಂದು ಶತಮಾನದ ಬಳಿಕ ವೈಶಾಲಿಯಲ್ಲಿ ಎರಡನೆಯ ಸಂಗೀತಿಯೂ ನಡೆದುವೆಂದು ಸಂಪ್ರದಾಯ ಹೇಳುತ್ತದೆ. ವಿನಯದ ನಿಯಮಗಳ ಕುರಿತ ಭಿನ್ನಾಭಿಪ್ರಾಯಗಳು ಬೆಳೆದು, ಕಾಲಕ್ರಮದಲ್ಲಿ ಸಂಘವು ಸ್ಥವಿರರು ಮತ್ತು ಮಹಾಸಾಂಘಿಕರೆಂದು ಒಡೆಯಿತು. ವ್ಯಾಪಾರದ ದಾರಿಗಳನ್ನು ಹಿಡಿದು ಭಿಕ್ಷುಗಳು ಪಶ್ಚಿಮಕ್ಕೂ ಮಧ್ಯಭಾರತಕ್ಕೂ ಸಾಗುತ್ತಿದ್ದರು. ಆದರೆ ಆ ಹೊತ್ತಿಗೆ ಬೌದ್ಧರು ಜೈನರು, ಆಜೀವಿಕರು ಮೊದಲಾದ ಹಲವು ಶ್ರಮಣ ಪಂಥಗಳ ನಡುವೆ ಒಂದು ಪಂಥವಾಗಿದ್ದರು. ಮೌರ್ಯ ಮನೆತನದಲ್ಲಿಯೂ ಇದೇ ವೈವಿಧ್ಯವಿತ್ತು. ಜೈನ ಸಂಪ್ರದಾಯದ ಪ್ರಕಾರ ಚಂದ್ರಗುಪ್ತನು ರಾಜ್ಯ ತ್ಯಜಿಸಿ ಶ್ರವಣಬೆಳಗೊಳದಲ್ಲಿ ಸಲ್ಲೇಖನ ಕೈಗೊಂಡನು. ಬಿಂದುಸಾರನ ಆಸ್ಥಾನದಲ್ಲಿ ಒಬ್ಬ ಆಜೀವಿಕ ಭವಿಷ್ಯಕಾರನಿದ್ದನೆಂದು ಬೌದ್ಧ ಕಥೆಗಳು ಹೇಳುತ್ತವೆ.

ಆರಂಭಿಕ ಜೀವನ

ಅಶೋಕನ ಬಾಲ್ಯದ ಬಗ್ಗೆ ಶಾಸನಗಳು ಏನನ್ನೂ ತಿಳಿಸುವುದಿಲ್ಲ. ಬೌದ್ಧ ಗ್ರಂಥಗಳ ಪ್ರಕಾರ ಅವನು ಬಿಂದುಸಾರನ ಹಲವು ಮಕ್ಕಳಲ್ಲಿ ಒಬ್ಬ. ತಕ್ಷಶಿಲೆಯಲ್ಲಿ ಎದ್ದ ದಂಗೆಯನ್ನು ಶಮನಗೊಳಿಸಲು ತಂದೆ ಅವನನ್ನು ಕಳುಹಿಸಿದನೆಂದು ಅಶೋಕಾವದಾನ ಹೇಳಿದರೆ, ಅವನು ಉಜ್ಜಯಿನಿಯಲ್ಲಿ ರಾಜಪ್ರತಿನಿಧಿಯಾಗಿದ್ದನೆಂದು ಮಹಾವಂಸ ಹೇಳುತ್ತದೆ. ಉಜ್ಜಯಿನಿಗೆ ಹೋಗುವ ದಾರಿಯಲ್ಲಿ ವಿದಿಶೆಯ ವರ್ತಕನೊಬ್ಬನ ಮಗಳಾದ ದೇವಿಯನ್ನು ಅವನು ವರಿಸಿದನು. ಮಹೇಂದ್ರ (ಮಹಿಂದ) ಮತ್ತು ಸಂಘಮಿತ್ರೆ (ಸಂಘಮಿತ್ತಾ) ಇವರ ಮಕ್ಕಳು. ಅಸಂಧಿಮಿತ್ರಾ, ಪದ್ಮಾವತಿ ಮತ್ತು ತಿಷ್ಯರಕ್ಷಿತೆ ಎಂಬ ಇತರ ರಾಣಿಯರ ಹೆಸರುಗಳೂ ಸಾಹಿತ್ಯದಲ್ಲಿ ಬರುತ್ತವೆ. ಶಾಸನಗಳಲ್ಲಿ ಹೆಸರಿಸಲ್ಪಟ್ಟ ರಾಣಿ ಕಾರುವಾಕಿ ಒಬ್ಬಳೇ. ಅವಳು ತೀವರನ ತಾಯಿ. ಅವಳ ದಾನಗಳನ್ನು ಅವಳ ಹೆಸರಿನಲ್ಲೇ ದಾಖಲಿಸಬೇಕೆಂಬ ಆಜ್ಞೆ ಅಲಹಾಬಾದ್ ಸ್ತಂಭದಲ್ಲಿದೆ.

ಬಿಂದುಸಾರನ ಮರಣಾನಂತರ ಉತ್ತರಾಧಿಕಾರಕ್ಕಾಗಿ ಕಲಹ ನಡೆಯಿತೆಂದೂ ಅಶೋಕನ ಪಟ್ಟಾಭಿಷೇಕವು ಅಧಿಕಾರಕ್ಕೆ ಬಂದ 4 ವರ್ಷಗಳ ನಂತರ ನೆರವೇರಿತೆಂದೂ ಸಿಂಹಳದ ಗ್ರಂಥಗಳು ತಿಳಿಸುತ್ತವೆ. ಅವನು 99 ಮಂದಿ ಸಹೋದರರನ್ನು ಕೊಂದನೆಂದು ಮಹಾವಂಸ ಹೇಳುತ್ತದೆ. ಆದರೆ ಪಟ್ಟಾಭಿಷೇಕವಾಗಿ ಹತ್ತು ವರ್ಷಗಳಿಗೂ ಮೀರಿ ಕಳೆದ ಮೇಲೆ ಬರೆಸಿದ 5ನೆಯ ಬೃಹತ್ ಶಿಲಾಶಾಸನದಲ್ಲಿ ಅವನ ಸಹೋದರ ಸಹೋದರಿಯರ ಮನೆಗಳ ಉಲ್ಲೇಖವಿದೆ. ಕ್ರೂರಿಯಾದ ಚಂಡಾಶೋಕನು ಬೌದ್ಧನಾಗಿ ಧರ್ಮಾಶೋಕನಾದನೆಂಬ ಕಥನದಲ್ಲಿ, ಮತಾಂತರದ ಮಹಿಮೆಯನ್ನು ಎತ್ತಿ ತೋರಿಸಲು ಅವನ ಹಿಂದಿನ ಕ್ರೌರ್ಯವನ್ನು ಹಿಗ್ಗಿಸಿ ಹೇಳಿರಬೇಕೆಂಬುದು ಬಹುತೇಕ ಇತಿಹಾಸಕಾರರ ಅಭಿಪ್ರಾಯ.

ಕಳಿಂಗ ಯುದ್ಧ

ಪಟ್ಟಾಭಿಷೇಕವಾಗಿ 8 ವರ್ಷಗಳಾದ ಮೇಲೆ, ಅಂದರೆ ಸುಮಾರು ಕ್ರಿ.ಪೂ. 261–260ರಲ್ಲಿ, ಅಶೋಕನು ಕಳಿಂಗವನ್ನು ಗೆದ್ದನು. ಕಳಿಂಗವು ಇಂದಿನ ಒಡಿಶಾದ ಕರಾವಳಿ ಮತ್ತು ಅದಕ್ಕೆ ಹೊಂದಿದ ಆಂಧ್ರ ಪ್ರದೇಶದ ಉತ್ತರ ಭಾಗವನ್ನು ಒಳಗೊಂಡ ನಾಡು. ಈ ಯುದ್ಧದ ವಿವರ 13ನೆಯ ಬೃಹತ್ ಶಿಲಾಶಾಸನದಲ್ಲಿದೆ. ಅದರ ಪ್ರಕಾರ 1,50,000 ಜನರನ್ನು ಸೆರೆಹಿಡಿದು ಒಯ್ಯಲಾಯಿತು, 1,00,000 ಜನ ಹತರಾದರು, ಅದಕ್ಕೆ ಎಷ್ಟೋ ಪಟ್ಟು ಜನ ಸತ್ತರು. ಸೈನಿಕರಲ್ಲದ ಸಾಮಾನ್ಯ ಗೃಹಸ್ಥರು, ಬ್ರಾಹ್ಮಣರು ಮತ್ತು ಶ್ರಮಣರು ಅನುಭವಿಸಿದ ನೋವನ್ನೂ, ತಾವು ಸುರಕ್ಷಿತವಾಗಿದ್ದರೂ ಬಂಧುಮಿತ್ರರನ್ನು ಕಳೆದುಕೊಂಡವರ ದುಃಖವನ್ನೂ ಶಾಸನ ಬೇರೆಬೇರೆಯಾಗಿ ಹೆಸರಿಸುತ್ತದೆ. ಅಲ್ಲಿ ಸತ್ತವರಲ್ಲಿ ನೂರನೆಯ ಅಥವಾ ಸಾವಿರನೆಯ ಒಂದು ಪಾಲು ಜನರಿಗೆ ಅದೇ ಗತಿ ಬಂದರೂ ಅರಸನಿಗೆ ಅದು ಈಗ ದುಃಖದ ಸಂಗತಿಯೆಂದು ಅದು ಹೇಳುತ್ತದೆ. ಶಸ್ತ್ರದ ವಿಜಯಕ್ಕಿಂತ ಧಮ್ಮದ ಮೂಲಕ ಪಡೆವ ವಿಜಯವೇ ಶ್ರೇಷ್ಠವೆಂದು ಅಲ್ಲಿ ಘೋಷಿಸಲಾಗಿದೆ.

ಈ ಪಶ್ಚಾತ್ತಾಪಕ್ಕೆ ಮಿತಿಗಳೂ ಇದ್ದುವು. ಗೆದ್ದ ಕಳಿಂಗವನ್ನು ಅಶೋಕನು ಹಿಂದಿರುಗಿಸಲಿಲ್ಲ. ಸೈನ್ಯವನ್ನು ವಿಸರ್ಜಿಸಿದ ದಾಖಲೆಯೂ ಇಲ್ಲ. ಅದೇ 13ನೆಯ ಶಾಸನದಲ್ಲಿ ಕಾಡಿನ ಜನರಿಗೆ, ಅರಸನು ಪಶ್ಚಾತ್ತಾಪಪಟ್ಟಿದ್ದರೂ ಅವನಿಗೆ ದಂಡಿಸುವ ಶಕ್ತಿ ಇದೆಯೆಂಬ ಎಚ್ಚರಿಕೆ ಇದೆ. ಇನ್ನೂ ಗಮನಾರ್ಹವಾದ ಸಂಗತಿಯೆಂದರೆ, ಕಳಿಂಗದಲ್ಲಿರುವ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಈ 13ನೆಯ ಶಾಸನವನ್ನು ಕೆತ್ತಿಸಿಲ್ಲ. 11ರಿಂದ 13ರವರೆಗಿನ ಶಾಸನಗಳ ಬದಲಿಗೆ ಅಲ್ಲಿ ಎರಡು ಪ್ರತ್ಯೇಕ ಶಾಸನಗಳಿವೆ. ಅವು ಅಧಿಕಾರಿಗಳನ್ನು ಉದ್ದೇಶಿಸಿದಂಥವು. ಪ್ರಜೆಗಳೆಲ್ಲರೂ ಅರಸನಿಗೆ ಮಕ್ಕಳ ಸಮಾನವೆಂದೂ ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬಾರದು, ಹಿಂಸಿಸಬಾರದು ಎಂದೂ ಅವು ವಿಧಿಸುತ್ತವೆ. ಸೋತ ನಾಡಿನ ಜನರ ಮುಂದೆ ಯುದ್ಧದ ನೆನಪನ್ನು ಕೆದಕದೆ, ಅವರ ವಿಶ್ವಾಸವನ್ನು ಗಳಿಸುವುದು ಇದರ ಉದ್ದೇಶವಾಗಿತ್ತೆಂದು ಇತಿಹಾಸಕಾರರು ವಿವರಿಸುತ್ತಾರೆ.

ಬೌದ್ಧ ಉಪಾಸಕನಾಗಿ

ಮಹಾವಂಸದ ಪ್ರಕಾರ ನಿಗ್ರೋಧನೆಂಬ ಎಳೆಯ ಶ್ರಾಮಣೇರನ ಉಪದೇಶದಿಂದ ಅಶೋಕನು ಬೌದ್ಧನಾದನು. ಅಶೋಕಾವದಾನದಲ್ಲಿ ಆ ಸ್ಥಾನ ಸಮುದ್ರನೆಂಬ ಭಿಕ್ಷುವಿನದು. ಶಾಸನಗಳು ಇಬ್ಬರನ್ನೂ ಹೆಸರಿಸುವುದಿಲ್ಲ. ಕಿರು ಶಿಲಾಶಾಸನದಲ್ಲಿ ಅರಸನು ತಾನು ಎರಡೂವರೆ ವರ್ಷಕ್ಕೂ ಮೇಲ್ಪಟ್ಟು ಉಪಾಸಕನಾಗಿದ್ದರೂ ಮೊದಲ ಒಂದು ವರ್ಷ ಹೆಚ್ಚಿನ ಶ್ರಮ ವಹಿಸಲಿಲ್ಲವೆಂದೂ, ಸಂಘದ ಸಮೀಪಕ್ಕೆ ಬಂದ ಮೇಲೆ ಕಳೆದ ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಶ್ರಮಿಸುತ್ತಿರುವುದಾಗಿಯೂ ತಿಳಿಸುತ್ತಾನೆ. ಆದ್ದರಿಂದ ಅವನ ಬದಲಾವಣೆ ಯುದ್ಧಭೂಮಿಯಲ್ಲಿ ಒಂದೇ ಕ್ಷಣದಲ್ಲಿ ಆದುದಲ್ಲ, ಕೆಲವು ವರ್ಷಗಳಲ್ಲಿ ಹಂತಹಂತವಾಗಿ ಆದುದು ಎಂದು ತಿಳಿಯಬಹುದು.

ಪಟ್ಟಾಭಿಷೇಕದ 10 ವರ್ಷಗಳ ನಂತರ ಅವನು ಬೋಧಗಯೆಗೆ ಹೋದನು. ಅಲ್ಲಿಂದ ಮುಂದೆ ಬೇಟೆಯ ವಿಹಾರಯಾತ್ರೆಗಳ ಬದಲು ಧರ್ಮಯಾತ್ರೆಗಳು ಆರಂಭವಾದವು. ಈ ಯಾತ್ರೆಗಳಲ್ಲಿ ಶ್ರಮಣ-ಬ್ರಾಹ್ಮಣರ ಮತ್ತು ವೃದ್ಧರ ಭೇಟಿ, ದಾನ, ಹಳ್ಳಿಗರೊಡನೆ ಧಮ್ಮದ ಚರ್ಚೆ ನಡೆಯುತ್ತಿದ್ದವು. ಇಂದಿನ ನೇಪಾಳದಲ್ಲಿರುವ ನಿಗಾಲಿ ಸಾಗರದ ಸ್ತಂಭಶಾಸನವು, ಪಟ್ಟಾಭಿಷೇಕದ 14 ವರ್ಷಗಳ ನಂತರ ಅವನು ಹಿಂದಿನ ಬುದ್ಧನಾದ ಕೋನಾಗಮನನ ಸ್ತೂಪವನ್ನು ಇಮ್ಮಡಿ ಗಾತ್ರಕ್ಕೆ ವಿಸ್ತರಿಸಿದುದನ್ನು ತಿಳಿಸುತ್ತದೆ. 20 ವರ್ಷಗಳ ನಂತರ ಲುಂಬಿನಿಗೆ ತಾನೇ ಬಂದು ಪೂಜಿಸಿ, ಬುದ್ಧನು ಹುಟ್ಟಿದ ಊರೆಂಬ ಕಾರಣಕ್ಕೆ ಆ ಗ್ರಾಮಕ್ಕೆ ಬಲಿ ಎಂಬ ತೆರಿಗೆಯನ್ನು ಮನ್ನಾ ಮಾಡಿ, ಬೆಳೆಯ ಪಾಲನ್ನು ಎಂಟನೆಯ ಒಂದು ಭಾಗಕ್ಕೆ ಇಳಿಸಿದನು. ಬುದ್ಧನ ಜನ್ಮಸ್ಥಳವನ್ನು ಗುರುತಿಸಲು ಈ ಸ್ತಂಭವೇ ಮುಖ್ಯ ಆಧಾರ.

ಧಮ್ಮ ಮತ್ತು ಆಡಳಿತ

ಶಾಸನಗಳಲ್ಲಿ ಅಶೋಕನು ಪ್ರಜೆಗಳಿಗೆ ಬೋಧಿಸುವ ಧಮ್ಮವು ಬೌದ್ಧ ಸಿದ್ಧಾಂತದ ನೇರ ಪ್ರತಿಪಾದನೆಯಲ್ಲ. ನಾಲ್ಕು ಆರ್ಯಸತ್ಯಗಳಾಗಲಿ ಅಷ್ಟಾಂಗ ಮಾರ್ಗವಾಗಲಿ ನಿರ್ವಾಣವಾಗಲಿ ಅಲ್ಲಿ ಕಾಣಿಸುವುದಿಲ್ಲ. ತಂದೆತಾಯಿಗಳ ಮತ್ತು ಗುರುಗಳ ಸೇವೆ, ದಾಸರು ಮತ್ತು ಸೇವಕರೊಡನೆ ಒಳ್ಳೆಯ ನಡವಳಿಕೆ, ಬ್ರಾಹ್ಮಣರಿಗೂ ಶ್ರಮಣರಿಗೂ ದಾನ, ಪ್ರಾಣಿಗಳ ಅಹಿಂಸೆ, ಸತ್ಯ, ಮಿತವ್ಯಯ ಮತ್ತು ಮಿತಸಂಗ್ರಹ ಇವೇ ಅದರ ಮುಖ್ಯ ಅಂಶಗಳು. ತನ್ನ ಪಂಥವನ್ನು ಹೊಗಳಿ ಇತರರ ಪಂಥವನ್ನು ತೆಗಳುವವನು ತನ್ನ ಪಂಥಕ್ಕೇ ಹಾನಿ ಮಾಡುತ್ತಾನೆಂಬುದು 12ನೆಯ ಬೃಹತ್ ಶಿಲಾಶಾಸನದ ತಾತ್ಪರ್ಯ. ಬಿಹಾರದ ಬರಾಬರ್ ಬೆಟ್ಟದ ಗುಹೆಗಳನ್ನು ಆಜೀವಿಕರಿಗೆ ದಾನ ಮಾಡಿದುದು ಈ ನೀತಿಗೆ ನಿದರ್ಶನ.

ಧಮ್ಮವನ್ನು ಜಾರಿಗೆ ತರಲು ಪಟ್ಟಾಭಿಷೇಕದ 13 ವರ್ಷಗಳ ನಂತರ ಧರ್ಮಮಹಾಮಾತ್ರರೆಂಬ ಹೊಸ ಅಧಿಕಾರಿಗಳನ್ನು ನೇಮಿಸಲಾಯಿತು. ಬೌದ್ಧ ಸಂಘ, ಬ್ರಾಹ್ಮಣರು, ಆಜೀವಿಕರು ಮತ್ತು ನಿರ್ಗ್ರಂಥರು (ಜೈನರು) ಎಲ್ಲರ ವ್ಯವಹಾರಗಳೂ ಇವರ ಮೇಲ್ವಿಚಾರಣೆಗೆ ಒಳಪಟ್ಟಿದ್ದುವು. ಸೆರೆಯಾಳುಗಳ ಹಿತ ನೋಡುವುದೂ ಇವರ ಕೆಲಸವಾಗಿತ್ತು. ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ವ್ಯವಸ್ಥೆ, ಔಷಧಿ ಗಿಡಮೂಲಿಕೆಗಳನ್ನು ಇಲ್ಲದ ಕಡೆ ತರಿಸಿ ನೆಡಿಸುವುದು, ದಾರಿಗಳಲ್ಲಿ ಆಲದ ಮರಗಳು, ಬಾವಿಗಳು ಮತ್ತು ತಂಗುದಾಣಗಳನ್ನು ಒದಗಿಸುವುದು ಇವೆಲ್ಲ ಶಾಸನಗಳಲ್ಲಿ ಉಲ್ಲೇಖಗೊಂಡಿವೆ. ಅರಮನೆಯ ಅಡುಗೆಗೆ ಪ್ರತಿದಿನ ಕೊಲ್ಲುತ್ತಿದ್ದ ಅಸಂಖ್ಯ ಪ್ರಾಣಿಗಳ ಬದಲು ಎರಡು ನವಿಲು ಮತ್ತು ಒಂದು ಜಿಂಕೆಯನ್ನು ಮಾತ್ರ ಕೊಲ್ಲಲಾಗುತ್ತಿದೆ, ಮುಂದೆ ಅದೂ ನಿಲ್ಲುವುದು ಎಂದು ಮೊದಲ ಶಾಸನ ಹೇಳುತ್ತದೆ. ಆದರೆ ಮರಣದಂಡನೆಯನ್ನು ಅವನು ರದ್ದುಪಡಿಸಲಿಲ್ಲ. ಅದಕ್ಕೆ ಗುರಿಯಾದವರಿಗೆ 3 ದಿನಗಳ ಕಾಲಾವಕಾಶವನ್ನು ಮಾತ್ರ ನೀಡಿದನು.

ಸಂಘದೊಡನೆ ಸಂಬಂಧ

ಪ್ರಜೆಗಳಿಗೆ ಎಲ್ಲ ಪಂಥಗಳಿಗೂ ಒಪ್ಪುವ ಧಮ್ಮವನ್ನು ಬೋಧಿಸಿದ ಅಶೋಕನು, ಬೌದ್ಧ ಸಂಘವನ್ನು ಉದ್ದೇಶಿಸಿ ಬರೆಸಿದ ಶಾಸನಗಳಲ್ಲಿ ನಿಷ್ಠಾವಂತ ಬೌದ್ಧನಾಗಿಯೇ ಮಾತನಾಡುತ್ತಾನೆ. ರಾಜಸ್ಥಾನದ ಬೈರಾಟದಲ್ಲಿ ದೊರೆತ ಭಾಬ್ರು ಶಾಸನದಲ್ಲಿ ಬುದ್ಧ, ಧರ್ಮ, ಸಂಘಗಳಲ್ಲಿ ತನಗಿರುವ ಗೌರವವನ್ನು ಹೇಳಿಕೊಂಡು, ಭಿಕ್ಷುಗಳು, ಭಿಕ್ಷುಣಿಯರು, ಉಪಾಸಕರು ಮತ್ತು ಉಪಾಸಿಕೆಯರು ಆಗಾಗ ಕೇಳಿ ಮನನ ಮಾಡಬೇಕಾದ 7 ಧರ್ಮಪಾಠಗಳನ್ನು ಅವನು ಹೆಸರಿಸುತ್ತಾನೆ. ಸಾರನಾಥ, ಸಾಂಚಿ ಮತ್ತು ಕೌಶಾಂಬಿಯ ಶಾಸನಗಳು ಸಂಘಭೇದದ ವಿರುದ್ಧ ಹೊರಡಿಸಿದ ಆಜ್ಞೆಗಳು. ಸಂಘವನ್ನು ಒಡೆಯುವ ಭಿಕ್ಷು ಅಥವಾ ಭಿಕ್ಷುಣಿಗೆ ಬಿಳಿಯ ಬಟ್ಟೆ ತೊಡಿಸಿ ವಿಹಾರದಿಂದ ಹೊರಗೆ ಇರಿಸಬೇಕೆಂದು ಅವು ವಿಧಿಸುತ್ತವೆ. ಅರಸನ ಪೋಷಣೆಯ ಜೊತೆಗೇ ಅರಸನ ನಿಯಂತ್ರಣವೂ ಸಂಘದೊಳಕ್ಕೆ ಬಂದುದಕ್ಕೆ ಇದು ಸಾಕ್ಷಿ.

ಥೇರವಾದ ಸಂಪ್ರದಾಯದ ಪ್ರಕಾರ ಸು. ಕ್ರಿ.ಪೂ. 250ರಲ್ಲಿ ಪಾಟಲಿಪುತ್ರದಲ್ಲಿ ಮೊಗ್ಗಲಿಪುತ್ತ ತಿಸ್ಸನ ನೇತೃತ್ವದಲ್ಲಿ ಮೂರನೆಯ ಸಂಗೀತಿ ನಡೆಯಿತು. ರಾಜಾಶ್ರಯದ ಲಾಭಕ್ಕಾಗಿ ಸಂಘ ಸೇರಿದ್ದವರನ್ನು ಹೊರಹಾಕಿ, ಅನ್ಯ ಮತಗಳ ವಾದಗಳನ್ನು ಖಂಡಿಸುವ ಕಥಾವತ್ಥು ಎಂಬ ಗ್ರಂಥವನ್ನು ಅಲ್ಲಿ ಮಂಡಿಸಲಾಯಿತೆಂದು ಹೇಳಲಾಗಿದೆ. ಶಾಸನಗಳಲ್ಲಿ ಈ ಸಂಗೀತಿಯ ಪ್ರಸ್ತಾಪವಿಲ್ಲ. ಬುದ್ಧನ ಅಸ್ಥಿಗಳನ್ನು ಹಳೆಯ ಸ್ತೂಪಗಳಿಂದ ತೆಗೆಸಿ, 84,000 ಸ್ತೂಪಗಳನ್ನು ಕಟ್ಟಿಸಿ ಹಂಚಿದನೆಂಬ ಕಥೆಯಲ್ಲಿನ ಸಂಖ್ಯೆ ಸಾಂಕೇತಿಕವಾದುದು. ಆದರೆ ಸಾಂಚಿಯ ಮಹಾಸ್ತೂಪದ ಒಳಗಿನ ಇಟ್ಟಿಗೆಯ ಮೂಲ ಸ್ತೂಪ ಅವನ ಕಾಲದ್ದು.

ಧರ್ಮಪ್ರಸಾರ

ಮೂರನೆಯ ಸಂಗೀತಿಯ ನಂತರ ಮೊಗ್ಗಲಿಪುತ್ತ ತಿಸ್ಸನು 9 ಪ್ರದೇಶಗಳಿಗೆ ಭಿಕ್ಷುಗಳನ್ನು ಕಳುಹಿಸಿದನೆಂದು ಮಹಾವಂಸ ತಿಳಿಸುತ್ತದೆ. ಅವು ಹೀಗಿವೆ:

ಕಾಶ್ಮೀರ ಮತ್ತು ಗಾಂಧಾರ – ಮಜ್ಝಂತಿಕ
ಮಹಿಷಮಂಡಲ – ಮಹಾದೇವ
ವನವಾಸ – ರಕ್ಖಿತ
ಅಪರಾಂತ (ಪಶ್ಚಿಮ ಕರಾವಳಿ) – ಯವನನಾದ ಧಮ್ಮರಕ್ಖಿತ
ಮಹಾರಟ್ಠ – ಮಹಾಧಮ್ಮರಕ್ಖಿತ
ಯವನರ ನಾಡು – ಮಹಾರಕ್ಖಿತ
ಹಿಮಾಲಯ ಪ್ರದೇಶ – ಮಜ್ಝಿಮ
ಸುವರ್ಣಭೂಮಿ – ಸೋಣ ಮತ್ತು ಉತ್ತರ
ಶ್ರೀಲಂಕಾ – ಮಹಿಂದ

ಈ ಪಟ್ಟಿಯನ್ನು ಬರಿಯ ಕಥೆಯೆಂದು ತಳ್ಳಿಹಾಕುವಂತಿಲ್ಲ. ಸಾಂಚಿ ಮತ್ತು ಅದರ ಸಮೀಪದ ಸೋನಾರಿಯ ಸ್ತೂಪಗಳಲ್ಲಿ ದೊರೆತ ಅಸ್ಥಿಕರಂಡಗಳ ಮೇಲೆ ಮಜ್ಝಿಮನ ಹೆಸರೂ, ಹಿಮಾಲಯ ಪ್ರದೇಶದ ಆಚಾರ್ಯನೆಂಬ ವಿಶೇಷಣದೊಡನೆ ಕಾಸಪಗೋತನ ಹೆಸರೂ ಇವೆ.

ಶ್ರೀಲಂಕಾದ ಅರಸ ದೇವಾನಂಪಿಯ ತಿಸ್ಸನು ಮಿಹಿಂತಲೆಯಲ್ಲಿ ಮಹಿಂದನಿಂದ ಉಪದೇಶ ಪಡೆದನೆಂದೂ ಬಳಿಕ ಸಂಘಮಿತ್ತಾ ಬೋಧಿವೃಕ್ಷದ ಕೊಂಬೆಯನ್ನು ತಂದು ಅನುರಾಧಪುರದಲ್ಲಿ ನೆಡಿಸಿ, ಅಲ್ಲಿ ಭಿಕ್ಷುಣಿ ಸಂಘವನ್ನು ಆರಂಭಿಸಿದಳೆಂದೂ ಸಿಂಹಳ ಸಂಪ್ರದಾಯ ನಂಬುತ್ತದೆ. ಮುಂದೆ ಭಾರತದಲ್ಲಿ ಬೌದ್ಧ ಧರ್ಮ ಕ್ಷೀಣಿಸಿದಾಗ ಪಾಲಿ ತ್ರಿಪಿಟಕವನ್ನು ಕಾಪಾಡಿದ ನಾಡುಗಳಲ್ಲಿ ಶ್ರೀಲಂಕಾ ಮೊದಲನೆಯದು.

ಶಾಸನಗಳು ಹೇಳುವ ಧಮ್ಮವಿಜಯ ಈ ಭಿಕ್ಷುಗಳ ಯಾತ್ರೆಗಿಂತ ಬೇರೆಯಾದುದು. 13ನೆಯ ಶಾಸನದ ಪ್ರಕಾರ ಅರಸನ ದೂತರು ಚೋಳ, ಪಾಂಡ್ಯರ ನಾಡುಗಳಿಗೂ ತಾಮ್ರಪರ್ಣಿಗೂ, ಪಶ್ಚಿಮದ ಐವರು ಯವನ ದೊರೆಗಳ ರಾಜ್ಯಗಳಿಗೂ ಧಮ್ಮದ ಸಂದೇಶ ಒಯ್ದರು. ಸಿರಿಯಾದ ಎರಡನೆಯ ಆಂಟಿಯೋಕಸ್, ಈಜಿಪ್ಟಿನ ಎರಡನೆಯ ಟಾಲೆಮಿ, ಮ್ಯಾಸಿಡೋನಿಯದ ಆಂಟಿಗೋನಸ್, ಸೈರೀನಿನ ಮಾಗಸ್ ಮತ್ತು ಅಲೆಕ್ಸಾಂಡರ್ ಎಂಬವರೇ ಆ ಐವರು. ಇವರ ಆಳ್ವಿಕೆಯ ಕಾಲ ಗ್ರೀಕ್ ಇತಿಹಾಸದಿಂದ ತಿಳಿದಿರುವುದರಿಂದ ಅಶೋಕನ ಕಾಲನಿರ್ಣಯಕ್ಕೆ ಈ ಹೆಸರುಗಳು ಆಧಾರವಾದುವು.

ಕರ್ನಾಟಕದಲ್ಲಿ ಅಶೋಕ

ಕರ್ನಾಟಕದಲ್ಲಿ ಅಶೋಕನ ಶಾಸನಗಳು 9 ಸ್ಥಳಗಳಲ್ಲಿ ದೊರೆತಿವೆ: ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ, ರಾಯಚೂರು ಜಿಲ್ಲೆಯ ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳ, ಕಲಬುರಗಿ ಜಿಲ್ಲೆಯ ಸನ್ನತಿ. ಚಿತ್ರದುರ್ಗ ಜಿಲ್ಲೆಯ ಮೂರು ಶಾಸನಗಳನ್ನು ಬಿ. ಎಲ್. ರೈಸ್ ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೆಂಬ ರಾಜಕುಮಾರನು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆಯ ರೂಪದಲ್ಲಿ ಅವು ಇವೆ. ಇಸಿಲ ಬ್ರಹ್ಮಗಿರಿಯ ಬಳಿ ಇದ್ದ ಪಟ್ಟಣವೆಂದು ಗುರುತಿಸಲಾಗಿದೆ. ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆದರೆ ಬರೆದ ಚಪಡನೆಂಬ ಲಿಪಿಕಾರನು ಕೊನೆಯಲ್ಲಿ ಒಂದು ಪದವನ್ನು ಖರೋಷ್ಠಿಯಲ್ಲಿ ಬರೆದಿದ್ದಾನೆ. ವಾಯವ್ಯದ ಲಿಪಿ ಬಲ್ಲವರು ದಕ್ಷಿಣದ ಗಡಿಯವರೆಗೂ ಕೆಲಸ ಮಾಡುತ್ತಿದ್ದರೆಂಬುದು ಇದರಿಂದ ತಿಳಿಯುತ್ತದೆ.

ಭೀಮಾ ನದಿಯ ದಂಡೆಯ ಸನ್ನತಿಯಲ್ಲಿ ದೊರೆತ ಶಾಸನಕ್ಕೆ ವಿಶೇಷ ಮಹತ್ವವಿದೆ. ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿ ಬಳಸಿದ್ದ ಕಲ್ಲಿನ ಮೇಲೆ ಅದು 1989ರಲ್ಲಿ ಪತ್ತೆಯಾಯಿತು. 12 ಮತ್ತು 14ನೆಯ ಬೃಹತ್ ಶಿಲಾಶಾಸನಗಳ ಭಾಗಗಳ ಜೊತೆಗೆ, ಕಳಿಂಗದಲ್ಲಿ ಮಾತ್ರ ಇವೆಯೆಂದು ಭಾವಿಸಿದ್ದ ಎರಡು ಪ್ರತ್ಯೇಕ ಶಾಸನಗಳೂ ಅದರಲ್ಲಿವೆ. ಸಮೀಪದ ಕನಗನಹಳ್ಳಿಯ ಬೌದ್ಧ ಸ್ತೂಪದ ಉತ್ಖನನದಲ್ಲಿ ರಾಣಿ ಮತ್ತು ಪರಿವಾರದೊಡನೆ ನಿಂತ ಅರಸನ ಉಬ್ಬುಶಿಲ್ಪವೊಂದು ದೊರೆಯಿತು. ಅದರ ಮೇಲೆ ಅರಸ ಅಶೋಕನೆಂಬ ಅರ್ಥದ ಬ್ರಾಹ್ಮಿ ಬರಹವಿದೆ. ಅವನ ಕಾಲದ ನಂತರ ಕೆತ್ತಿದ ಈ ಶಿಲ್ಪವು ದಖನ್ನಿನ ಬೌದ್ಧರಲ್ಲಿ ಅವನ ನೆನಪು ಉಳಿದಿದ್ದುದನ್ನು ತೋರಿಸುತ್ತದೆ.

ಮಹಾವಂಸದ ವನವಾಸವನ್ನು ಉತ್ತರ ಕನ್ನಡ ಜಿಲ್ಲೆಯ ಬನವಾಸಿಯೆಂದು ಗುರುತಿಸಲಾಗಿದೆ. ಮಹಿಷಮಂಡಲವು ಮೈಸೂರು ಪ್ರದೇಶವೆಂದು ಕೆಲವರೂ ನರ್ಮದಾ ತೀರದ ಮಾಹಿಷ್ಮತಿಯ ಸುತ್ತಲಿನ ನಾಡೆಂದು ಕೆಲವರೂ ಅಭಿಪ್ರಾಯಪಟ್ಟಿದ್ದಾರೆ.

ಕೊನೆಯ ದಿನಗಳು

ಅಶೋಕನು ಸು. ಕ್ರಿ.ಪೂ. 232ರಲ್ಲಿ ಮೃತನಾದನು. ದಿನಾಂಕವುಳ್ಳ ಸ್ತಂಭಶಾಸನಗಳಲ್ಲಿ ಕೊನೆಯದು ಪಟ್ಟಾಭಿಷೇಕದ 27 ವರ್ಷಗಳ ನಂತರದ್ದು. ಅಲ್ಲಿ ಅರಸನು ತನ್ನ ಆಳ್ವಿಕೆಯಲ್ಲಿ ಮಾಡಿದ ಕೆಲಸಗಳನ್ನು ಸಿಂಹಾವಲೋಕನ ಮಾಡಿ, ಜನರು ಧಮ್ಮದಲ್ಲಿ ಮುಂದುವರಿದದ್ದು ನಿಯಮಗಳಿಂದಾಗಿ ಕಡಿಮೆ, ಮನವೊಲಿಕೆಯಿಂದಾಗಿ ಹೆಚ್ಚು ಎಂಬ ನಿಲುವಿಗೆ ಬರುತ್ತಾನೆ. ಅಶೋಕಾವದಾನದ ಕಥೆಯಲ್ಲಿ ವೃದ್ಧ ಅರಸನು ಸಂಘಕ್ಕೆ ಮಿತಿಮೀರಿ ದಾನ ಮಾಡುತ್ತಿದ್ದುದರಿಂದ ಮಂತ್ರಿಗಳು ಅವನ ಅಧಿಕಾರವನ್ನು ಕಸಿದುಕೊಳ್ಳುತ್ತಾರೆ. ಕೊನೆಗೆ ತನ್ನದೆಂದು ಉಳಿದ ಅರ್ಧ ನೆಲ್ಲಿಕಾಯಿಯನ್ನು ಅವನು ಕುಕ್ಕುಟಾರಾಮ ವಿಹಾರಕ್ಕೆ ಕಳುಹಿಸುತ್ತಾನೆ.

ಅವನ ಮೊಮ್ಮಗನೆಂದು ಹೇಳಲಾದ ದಶರಥನು ನಾಗಾರ್ಜುನಿ ಬೆಟ್ಟದ ಗುಹೆಗಳನ್ನು ಆಜೀವಿಕರಿಗೆ ದಾನ ಮಾಡಿದನು. ಸು. ಕ್ರಿ.ಪೂ. 185ರಲ್ಲಿ ಸೇನಾಪತಿ ಪುಷ್ಯಮಿತ್ರ ಶುಂಗನು ಕೊನೆಯ ಮೌರ್ಯ ಅರಸ ಬೃಹದ್ರಥನನ್ನು ಕೊಂದು ಅಧಿಕಾರಕ್ಕೆ ಬಂದನು. ಸಾಮ್ರಾಜ್ಯ ಅಳಿದರೂ ಬೌದ್ಧ ಧರ್ಮದ ಬೆಳವಣಿಗೆ ನಿಲ್ಲಲಿಲ್ಲ. ನಂತರದ ಶತಮಾನಗಳಲ್ಲಿ ಸಾಂಚಿಯ ಸ್ತೂಪವನ್ನು ಹಿಗ್ಗಿಸಿ ತೋರಣಗಳನ್ನು ನಿಲ್ಲಿಸಿದವರಲ್ಲಿ ವರ್ತಕರು, ಕುಶಲಕರ್ಮಿಗಳು, ಗೃಹಿಣಿಯರು, ಭಿಕ್ಷುಗಳು ಮತ್ತು ಭಿಕ್ಷುಣಿಯರು ಇದ್ದಾರೆಂದು ಅಲ್ಲಿನ ದಾನಶಾಸನಗಳು ತಿಳಿಸುತ್ತವೆ. ಒಬ್ಬ ಅರಸನ ಆಶ್ರಯದಲ್ಲಿ ವಿಸ್ತರಿಸಿದ ಧರ್ಮ ಆ ಹೊತ್ತಿಗೆ ಜನರ ಆಶ್ರಯದಲ್ಲಿ ನೆಲೆನಿಂತಿತ್ತು.

ಮರುಶೋಧನೆ ಮತ್ತು ಸ್ಮರಣೆ

ಕಾಲಾಂತರದಲ್ಲಿ ಭಾರತದಲ್ಲಿ ಬ್ರಾಹ್ಮಿ ಲಿಪಿಯನ್ನು ಓದಬಲ್ಲವರು ಇಲ್ಲವಾದರು. 14ನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕನು ಟೋಪ್ರಾ ಮತ್ತು ಮೀರತ್‌ಗಳಿಂದ ಎರಡು ಸ್ತಂಭಗಳನ್ನು ದೆಹಲಿಗೆ ಸಾಗಿಸಿದಾಗ ಅವುಗಳ ಬರಹವನ್ನು ಯಾರಿಂದಲೂ ಓದಲಾಗಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಈ ಲಿಪಿಯನ್ನು ಓದುವಲ್ಲಿ ಯಶಸ್ವಿಯಾದರು. ಶಾಸನಗಳಲ್ಲಿ ಅರಸನ ಹೆಸರು ದೇವಾನಾಂಪ್ರಿಯ ಪ್ರಿಯದರ್ಶಿ ಎಂದಿತ್ತು. ಸಿಂಹಳದ ಪಾಲಿ ಗ್ರಂಥಗಳ ನೆರವಿನಿಂದ ಜಾರ್ಜ್ ಟರ್ನರ್ ಅವನನ್ನು ಅಶೋಕನೆಂದು ಗುರುತಿಸಿದರು. 1915ರಲ್ಲಿ ಮಸ್ಕಿಯಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಪತ್ತೆಹಚ್ಚಿದ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದ್ದು, ಆ ಗುರುತಿಸುವಿಕೆ ದೃಢಪಟ್ಟಿತು. ಬಳಿಕ ಮಧ್ಯಪ್ರದೇಶದ ಗುಜರ್ರಾ ಹಾಗೂ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಗಳ ಶಾಸನಗಳಲ್ಲಿಯೂ ಈ ಹೆಸರು ಕಂಡುಬಂತು.

1947ರ ಜುಲೈ 22ರಂದು ಸಂವಿಧಾನ ಸಭೆ ಅಂಗೀಕರಿಸಿದ ಭಾರತದ ರಾಷ್ಟ್ರಧ್ವಜದ ನಡುವೆ 24 ಅರೆಗಳ ಅಶೋಕ ಚಕ್ರವಿದೆ. ಸಾರನಾಥದ ಸ್ತಂಭದ ಸಿಂಹಶಿರವನ್ನು ಆಧರಿಸಿದ ಲಾಂಛನವನ್ನು 1950ರ ಜನವರಿ 26ರಂದು ರಾಷ್ಟ್ರಲಾಂಛನವಾಗಿ ಸ್ವೀಕರಿಸಲಾಯಿತು.